ವಾಪಸ್ ಬಂದ ಮಶೀನುಗಳು

೯ ಜನವರಿ

ಪುಟ್ಟನಿಗೆ,

ನಿನ್ನ ಪತ್ರ ತಲುಪಿತು. ಮೊದಲ ಪುಟ ಓದಿ ನಕ್ಕೆ, ಎರಡನೆಯ ಪುಟ ಓದಿ ಸಿಟ್ಟು ಬಂತು. ನಿನ್ನ ಅಕ್ಕ ಕೆಲಸ ಮಾಡುವ ಕಂಪನಿ ಮುಳುಗುತ್ತದೆ ಎಂದು ಯಾರೋ ಹೆಸರು ಕುಲ ಇಲ್ಲದವರು ಇಂಟರ್‌ನೆಟ್ಟಿನಲ್ಲಿ ಬರೆದರಂತೆ, ಇವನು ಅದನ್ನು ಓದಿ ನಿದ್ದೆಗೆಟ್ಟನಂತೆ! ಷೇರು ಕೊಂಡವರೆಲ್ಲ ಸೇರಿ ಮಾತಾಡುವ ಹರಟೆಕಟ್ಟೆ ಅದು ಎಂದು ನೀನೇ ಬರೆದಿದ್ದೀಯ. ಕಟ್ಟೆಯ ಮೇಲೆ ಕೂತವರಿಗೆ ಬೇರೆ ಕೆಲಸವೇನಿರುತ್ತದೆ? ಅಕ್ಕನ ಕಂಪನಿ ಎಂಬ ಅಭಿಮಾನಕ್ಕೆ ನಾಲ್ಕು ಷೇರು ಕೊಂಡೆ, ಸರಿ. ಇನ್ನು ಸುಮ್ಮನೆ ಕೂತು ಜನರಿಗೆ ಕಟ್ಟುಹಲ್ಲು ಮಾಡಿಕೊಡು. ನಿನ್ನ ಕೆಲಸ ಅದು.

ನಮ್ಮಲ್ಲಿ ಹೇಗಿದೆ ಎಂದು ನನ್ನನ್ನು ಕೇಳು. ತಗಡು ಬಡಿಯುವ ಶಾಪಿನಲ್ಲಿ ನನ್ನ ಕಿವಿ ಹೋದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಗೇಟಿನಾಚೆ ಕಳಿಸುತ್ತಿದ್ದರು. ಇವರು ಪರೀಕ್ಷೆಯ ಸಾಲಿಗೆ ಹಾಕಿದರು. ಬಟ್ಟೆ ಒಗೆಯುವ ಮಶೀನು ಒಂದೊಂದಾಗಿ ನನ್ನ ಮುಂದೆ ಬರುತ್ತದೆ. ನೀರು ತುಂಬಿ, ಒಳಗೆ ಹಳೆಯ ಬೆಡ್‌ಶೀಟು ಹಾಕಿ ತಿರುಗಿಸುತ್ತೇನೆ, ಮೇಲೆ ಅಂಗೈ ಇಡುತ್ತೇನೆ. ಡ್ರಮ್ಮು ಸರಿಯಾಗಿ ಕೂತಿದ್ದರೆ ನಡುಕ ಒಂದೇ ಹದದಲ್ಲಿ ಬರುತ್ತದೆ. ಇಲ್ಲದಿದ್ದರೆ ಕೈಗೆ ಮುಳ್ಳು ಚುಚ್ಚಿದಂತೆ ಆಗುತ್ತದೆ. ಪಕ್ಕದಲ್ಲಿ ಉದ್ದಕ್ಕ ಇರುತ್ತಾಳೆ. ಅವಳ ಎತ್ತರಕ್ಕೆ ನಾವೆಲ್ಲ ಇಟ್ಟ ಹೆಸರು ಅದು. ಅವಳು ಮೀಟರು ನೋಡುತ್ತಾಳೆ, ನಾನು ಕೈಯಿಟ್ಟು ಹೇಳುತ್ತೇನೆ.

ಡಿಸೆಂಬರ್ ಕೊನೆಯ ವಾರ ಲಾರಿಗಳು ಸಾಲುಗಟ್ಟಿ ಬಂದು ಇದ್ದಬದ್ದ ಮಶೀನುಗಳನ್ನೆಲ್ಲ ತುಂಬಿಕೊಂಡು ಹೋದವು. ಈ ವಾರ ಅದರಲ್ಲಿ ಅರ್ಧಕ್ಕರ್ಧ ವಾಪಸ್ ಬಂದಿವೆ. ಪೆಟ್ಟಿಗೆಯ ಟೇಪು ಕೂಡ ಕಿತ್ತಿಲ್ಲ. ಎಲ್ಲವನ್ನೂ ಬಿಚ್ಚಿ ನಾವು ಮತ್ತೆ ಪರೀಕ್ಷೆ ಮಾಡುತ್ತಿದ್ದೇವೆ, ಓವರ್‌ಟೈಮ್ ಸಿಗುತ್ತಿದೆ. ಮಾರಾಟವಾಗದ ಮಶೀನನ್ನೂ ವಾಪಸ್ ಕರೆಸಿ ಮತ್ತೆ ಕೈಯಿಟ್ಟು ನೋಡುವ ಕಂಪನಿ ಲೋಕದಲ್ಲಿ ಇನ್ನೊಂದಿದ್ದರೆ ತೋರಿಸು ನೋಡೋಣ. ನಿನ್ನ ಕಟ್ಟೆಯವರಿಗೂ ಇದನ್ನೇ ಕೇಳು.

ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಒಳಗೆ ಒಂದು ಸಣ್ಣ ಯಂತ್ರ ಇಟ್ಟರೆ ಮಾತು ಕೇಳಿಸುತ್ತದೆ ಎಂದು ಮತ್ತೆ ಬರೆದು ತೋರಿಸಿದರು. ದುಡ್ಡು ಮುಕ್ಕಾಲು ಪಾಲು ಕೂಡಿಟ್ಟಾಗಿದೆ, ಇನ್ನು ಸ್ವಲ್ಪ. ನಿನ್ನ ಮರಿ ಮಾತು ಕಲಿತು ಎರಡು ವರ್ಷವಾಯಿತು, ಅದರ ದನಿ ಹೇಗಿದೆ ಎಂದು ಈ ಅತ್ತೆಗೆ ಇನ್ನೂ ಗೊತ್ತಿಲ್ಲ. ಅದೊಂದು ಆಗಬೇಕು.

ಫೋನಿಗೆ ಮೆಸೇಜು ಹಾಕಬೇಡ. ಅದರಲ್ಲಿ ನಿನ್ನ ಅಕ್ಷರಗಳೆಲ್ಲ ಚೌಕ ಚೌಕವಾಗಿ ಕಾಣುತ್ತವೆ. ಆ ಫೋನು ಇರುವುದು ದಿಂಬಿನ ಕೆಳಗೆ ನಡುಗಿ ನನ್ನನ್ನು ಎಬ್ಬಿಸುವುದಕ್ಕೆ ಮಾತ್ರ.

ನಿನ್ನ
ಅಕ್ಕ


೨೧ ಜನವರಿ

ಅಕ್ಕನಿಗೆ,

ನಿನ್ನ ಬೈಗುಳ ಬಂದು ಮುಟ್ಟಿತು. ಮನೆಯಲ್ಲಿ ಎಲ್ಲರೂ ಓದಿ ಆನಂದಪಟ್ಟರು.

ನಿಜ ಹೇಳುತ್ತೇನೆ, ನಿನ್ನ ಪತ್ರ ಓದಿ ಎದೆಯ ಮೇಲಿನ ಭಾರ ಇಳಿದಂತಾಯಿತು. ಆ ಕಟ್ಟೆಯಲ್ಲಿ ಒಬ್ಬನಿದ್ದಾನೆ, ಗೂಬೆ ಎಂದು ಹೆಸರಿಟ್ಟುಕೊಂಡಿದ್ದಾನೆ. ಅಲ್ಲಿ ಯಾರಿಗೂ ನಿಜವಾದ ಹೆಸರಿಲ್ಲ. ನಿಮ್ಮ ಕಂಪನಿ ಮಾರಿದ್ದೇವೆ ಎಂದು ತೋರಿಸುವ ಮಶೀನಿಗೂ ಕೈಗೆ ಬರುವ ದುಡ್ಡಿಗೂ ತಾಳೆಯಾಗುತ್ತಿಲ್ಲ ಎಂದು ಅವನು ತಿಂಗಳಿಂದ ಬರೆಯುತ್ತಿದ್ದಾನೆ. ಉಳಿದವರು ಅವನನ್ನು ಗೇಲಿ ಮಾಡುತ್ತಾರೆ, ಆದರೂ ಅವನು ಬರೆದದ್ದನ್ನು ಒಂದಕ್ಷರ ಬಿಡದೆ ಓದುತ್ತಾರೆ. ಅವನ ಬಾಯಿ ಮುಚ್ಚಿಸುವಂಥ ಒಂದು ಮಾತು ಬೇಕಿತ್ತು. ನೀನು ಕೊಟ್ಟೆ.

ಸುಮ್ಮನೆ ಒಂದು ಸಂಶಯ ಕೇಳುತ್ತೇನೆ, ತಪ್ಪು ತಿಳಿಯಬೇಡ. ವಾಪಸ್ ಬಂದ ಮಶೀನುಗಳನ್ನು ಪರೀಕ್ಷೆ ಮಾಡಿದ ಮೇಲೆ ಏನು ಮಾಡುತ್ತೀರಿ? ಹಳೆಯ ಪೆಟ್ಟಿಗೆಯಲ್ಲೇ ಹೋಗುತ್ತವೆಯೋ, ಹೊಸ ಪೆಟ್ಟಿಗೆಯೋ? ಅವು ಹೋಗಿದ್ದು ಅಂಗಡಿಗಳಿಗೋ ಬೇರೆ ಎಲ್ಲಿಗೋ? ಲಾರಿಯವರು ಏನಾದರೂ ಹೇಳುತ್ತಾರೆಯೇ?

ಮರಿಗೆ ಈಗ ಎಲ್ಲದಕ್ಕೂ ‘ಯಾಕೆ’ ಬೇಕು. ನಾನು ಮಾಡಿಟ್ಟ ಹಲ್ಲಿನ ಸೆಟ್ಟು ನೋಡಿ, ‘ಅಪ್ಪಾ, ಇದು ಯಾಕೆ ನಗ್ತಾ ಇದೆ?’ ಎಂದು ಕೇಳಿದಳು.

ನಿನ್ನ
ಪುಟ್ಟ


೫ ಫೆಬ್ರವರಿ

ಪುಟ್ಟಾ,

ಮರಿಯ ‘ಯಾಕೆ’ ನಿನಗೂ ಅಂಟಿಕೊಂಡಿದೆ. ಪೆಟ್ಟಿಗೆ ಹೊಸತೋ ಹಳತೋ ಎಂದು ಕೇಳುವ ತಮ್ಮ ಯಾರಿಗಿದ್ದಾನೆ! ಇರಲಿ, ಹೇಳುತ್ತೇನೆ. ಪೆಟ್ಟಿಗೆ ಹಳೆಯದೇ. ಮೇಲಿನ ಸ್ಟಿಕ್ಕರು ಮಾತ್ರ ಕಿತ್ತು ಹೊಸ ತಿಂಗಳದ್ದು ಅಂಟಿಸುತ್ತಾರೆ. ಎಲ್ಲಿಗೆ ಹೋಗಿದ್ದವು ಎಂದು ಉದ್ದಕ್ಕ ಲಾರಿಯವನನ್ನು ಕೇಳಿದಳು. ಹೆದ್ದಾರಿಯ ಪಕ್ಕ ಕಂಪನಿ ಬಾಡಿಗೆಗೆ ಹಿಡಿದಿರುವ ಗೋದಾಮು ಇದೆಯಂತೆ, ಅಲ್ಲಿಗೆ. ಅಂಗಡಿಗೆ ಕಳಿಸುವ ಮುಂಚೆ ನಾಲ್ಕು ದಿನ ಅಲ್ಲಿಟ್ಟು ನೋಡುತ್ತಾರೆ ಎಂದು ಕಾಣುತ್ತದೆ. ಒಳ್ಳೆಯ ಪದ್ಧತಿಯೇ.

ಇಲ್ಲಿ ಸಣ್ಣಪುಟ್ಟ ಬದಲಾವಣೆಗಳಿವೆ. ಬಾಗಿಲಿಗೆ ಹಾಕುವ ರಬ್ಬರ್ ರಿಂಗು ಕೊಡುವವನು ಸರಕು ನಿಲ್ಲಿಸಿದ್ದಾನೆ. ಅವನ ಮಾಲು ಚೆನ್ನಾಗಿಲ್ಲ ಎಂದು ಕಂಪನಿಯೇ ಬೇಡವೆಂದಿತಂತೆ. ಕ್ಯಾಂಟೀನಿನಲ್ಲಿ ಸಕ್ಕರೆ ಕಮ್ಮಿ ಮಾಡಿದ್ದಾರೆ, ನಮ್ಮ ಆರೋಗ್ಯಕ್ಕೆ ಒಳ್ಳೆಯದು ಎಂದು ಬೋರ್ಡು ಹಾಕಿದ್ದಾರೆ. ಲೆಕ್ಕಪತ್ರ ನೋಡುತ್ತಿದ್ದ ಮೇಡಮ್ಮು ಕೆಲಸ ಬಿಟ್ಟರು. ಅವರಿಗಿಂತ ಮುಂಚಿನವರೂ ಬಿಟ್ಟಿದ್ದರು. ದೊಡ್ಡ ಓದಿನವರು ಒಂದು ಕಡೆ ನಿಲ್ಲುವುದಿಲ್ಲವಲ್ಲ. ಹೋಗುವ ದಿನ ಪರೀಕ್ಷೆಯ ಸಾಲಿಗೆ ಬಂದು ನನ್ನ ಕೈ ಹಿಡಿದುಕೊಂಡು ಏನೋ ಹೇಳಿದರು. ತುಟಿ ಓದುವಷ್ಟರಲ್ಲಿ ಮುಖ ತಿರುಗಿಸಿಬಿಟ್ಟರು. ನಾನು ನಕ್ಕು ತಲೆಯಾಡಿಸಿದೆ, ಎಲ್ಲರಿಗೂ ಹಾಗೇ ಮಾಡುತ್ತೇನೆ.

ಇನ್ನೊಂದು ಸಮಾಚಾರ. ಕೆಲಸಗಾರರಿಗೂ ಕಂಪನಿಯ ಷೇರು ಕೊಡುವ ಯೋಜನೆ ಬಂದಿದೆ. ಪೇಟೆಯ ಬೆಲೆಗಿಂತ ಕಮ್ಮಿಗೆ. ಒಂದು ವರ್ಷ ಮುಟ್ಟುವಂತಿಲ್ಲ, ಆಮೇಲೆ ಮಾರಿದರೆ ಒಳ್ಳೆಯ ಲಾಭ ಎನ್ನುತ್ತಾರೆ. ನನ್ನ ಕಿವಿಯ ದುಡ್ಡಿಗೆ ಕಮ್ಮಿ ಬೀಳುತ್ತಿರುವ ಕಾಲು ಭಾಗ ಹಾಗೆಯೇ ಹುಟ್ಟಿಬಿಡುತ್ತದೆ ಎಂದು ಉದ್ದಕ್ಕ ಬೆರಳು ಮಡಚಿ ತೋರಿಸಿದಳು. ನಾನಿನ್ನೂ ಏನೂ ಮಾಡಿಲ್ಲ. ನೀನು ಆ ಕಟ್ಟೆಯಲ್ಲಿ ಓದುವವನು, ನಿನ್ನ ಅಭಿಪ್ರಾಯವೇನು?

ಅಕ್ಕ


೧೪ ಫೆಬ್ರವರಿ

ಅಕ್ಕನಿಗೆ,

ಷೇರಿನ ಯೋಜನೆಗೆ ಸದ್ಯಕ್ಕೆ ಸೇರುವುದು ಬೇಡ. ಸ್ವಲ್ಪ ಕಾದು ನೋಡುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ವಿಶೇಷ ಕಾರಣ ಏನಿಲ್ಲ, ಪೇಟೆ ಈಗ ಹಾಗಿದೆ.

ಕಿವಿಯ ದುಡ್ಡನ್ನು ಎಲ್ಲೂ ಹಾಕಬೇಡ. ಡಾಕ್ಟರ ಹತ್ತಿರ ಹೋಗಿ ದಿನ ಗೊತ್ತು ಮಾಡಿಕೊಂಡು ಬಾ. ಕಮ್ಮಿ ಬಿದ್ದದ್ದನ್ನು ಆಮೇಲೆ ಹೇಗಾದರೂ ನೋಡೋಣ.

ಕೆಲಸದ ಜಾಗದಲ್ಲಿ ಸ್ಟಿಕ್ಕರು, ಲಾರಿ ಎಂದೆಲ್ಲ ಹೆಚ್ಚು ಮಾತಾಡಬೇಡ. ಉದ್ದಕ್ಕನಿಗೂ ಹೇಳು.

ಕೆಲಸ ಬಹಳ ಇದೆ. ಚಿಕ್ಕದಾಗಿ ಬರೆದೆ ಎಂದು ಬೇಜಾರು ಮಾಡಿಕೊಳ್ಳಬೇಡ.

ಪುಟ್ಟ


೨ ಮಾರ್ಚ್

ಪುಟ್ಟಾ,

ಟೆಲಿಗ್ರಾಮಿನಂಥ ನಿನ್ನ ಪತ್ರ ಬಂತು. ಮನೆಯಲ್ಲಿ ಏನಾದರೂ ಜಗಳವೋ ಎಂದುಕೊಂಡೆ. ಅಷ್ಟು ಬಿಗುಮಾನ ಯಾಕೋ ಮಾರಾಯ?

ನೀನು ಇಲ್ಲಿರಬೇಕಿತ್ತು. ಕಳೆದ ವಾರ ಸಿಬ್ಬಂದಿ ಅಧಿಕಾರಿಗಳು ಊಟದ ಬಿಡುವಿನಲ್ಲಿ ನಮ್ಮನ್ನೆಲ್ಲ ಸೇರಿಸಿದರು. ನಿನ್ನ ಆ ಕಟ್ಟೆಯಿಂದಲೇ ಒಂದು ಹಾಳೆ ಪ್ರಿಂಟು ತೆಗೆಸಿ ಬೋರ್ಡಿಗೆ ಅಂಟಿಸಿದ್ದರು. ‘ನೋಡಿ, ಹೊರಗಡೆ ಜನ ನಮ್ಮ ಬಗ್ಗೆ ಏನ್ ಮಾತಾಡ್ತಾರೆ ಅಂತ’ ಎಂದರಂತೆ. ಉದ್ದಕ್ಕ ನನ್ನನ್ನು ಮುಂದೆ ತಳ್ಳಿದಳು. ಓದಿದೆ. ‘ಮಾರಾಟವಾಗದ ಮಶೀನನ್ನೂ ವಾಪಸ್ ಕರೆಸಿ ಮತ್ತೆ ಕೈಯಿಟ್ಟು ನೋಡುವ ಕಂಪನಿ ಲೋಕದಲ್ಲಿ ಇನ್ನೊಂದಿದ್ದರೆ ತೋರಿಸಿ. ಒಳಗಿನವರನ್ನು ಬಲ್ಲೆ, ಅದಕ್ಕೇ ಹೇಳುತ್ತಿದ್ದೇನೆ’ ಎಂದು ಯಾರೋ ಬರೆದಿದ್ದರು. ದೊಡ್ಡ ಅಕ್ಷರದಲ್ಲಿ ಅಷ್ಟನ್ನೇ ಹಾಕಿ, ಕೆಳಗೆ ಬರೆದವರ ಕಟ್ಟೆಯ ಹೆಸರು ಕೊಟ್ಟಿದ್ದರು.

ನನಗೆ ಎಷ್ಟು ಸಂತೋಷವಾಯಿತು ಎಂದು ಹೇಗೆ ಬರೆಯಲಿ? ನಮ್ಮ ಕೈಯ ಕೆಲಸ ಎಲ್ಲೋ ಒಂದು ಕಡೆ ಒಬ್ಬರಿಗೆ ತಿಳಿದಿದೆ, ಅವರು ಅದನ್ನು ನಾಲ್ಕು ಜನರ ಮುಂದೆ ಎದೆತಟ್ಟಿ ಹೇಳಿದ್ದಾರೆ. ಆ ಹಾಳೆಯ ಮುಂದೆ ತುಂಬ ಹೊತ್ತು ನಿಂತಿದ್ದೆ. ಕಣ್ಣಲ್ಲಿ ನೀರು ಬಂತು. ಉದ್ದಕ್ಕ ನನ್ನನ್ನು ಹುಚ್ಚಿ ಎಂದಳು.

ಅವತ್ತೇ ಯೋಜನೆಗೆ ಬಹಳ ಜನ ಸಹಿ ಹಾಕಿದರು.

ಡಾಕ್ಟರ ಹತ್ತಿರ ಇನ್ನೂ ಹೋಗಿಲ್ಲ. ಇಷ್ಟು ವರ್ಷ ಕೇಳಿಸದೆ ಇದ್ದಾಯಿತು, ಇನ್ನೊಂದು ವರ್ಷಕ್ಕೆ ಏನಾಗುತ್ತದೆ? ಮರಿಗೆ ಅಷ್ಟರಲ್ಲಿ ಇನ್ನೂ ಚೆನ್ನಾಗಿ ಮಾತು ಬಂದಿರುತ್ತದೆ.

ಅಕ್ಕ


೯ ಮಾರ್ಚ್

ಅಕ್ಕಾ,

ನೀನು ಸಹಿ ಹಾಕಿದೆಯಾ? ಹಾಕಿದೆಯೋ ಇಲ್ಲವೋ, ಅದನ್ನು ಮಾತ್ರ ಬರೆ. ಹಾಕಿದ್ದರೆ ನಾಳೆಯೇ ಹೋಗಿ ವಾಪಸ್ ಕೇಳು. ಜಗಳವಾಡು. ಅಳು. ಆಪರೇಷನ್ನಿಗೆ ಇಟ್ಟ ದುಡ್ಡು ಎಂದು ಹೇಳು.

ಬಿಡಿಸಿ ಹೇಳುತ್ತೇನೆ, ಮೊದಲೇ ಹೇಳಬೇಕಿತ್ತು. ನಿಮ್ಮ ಮಶೀನುಗಳು ಪರೀಕ್ಷೆಗೆಂದು ವಾಪಸ್ ಬರುತ್ತಿಲ್ಲ. ಅವು ಮಾರಾಟವೇ ಆಗಿಲ್ಲ. ಮೂರು ತಿಂಗಳಿಗೊಮ್ಮೆ ಕಂಪನಿ ಲೆಕ್ಕ ತೋರಿಸಬೇಕಲ್ಲ, ಅದಕ್ಕೆ ಮುಂಚೆ ಎಲ್ಲವನ್ನೂ ಗೋದಾಮಿಗೆ ಸಾಗಿಸಿ ಮಾರಿದ್ದೇವೆ ಎಂದು ಬರೆದುಕೊಳ್ಳುತ್ತಾರೆ. ಲೆಕ್ಕ ತೋರಿಸಿದ ಮೇಲೆ ಒಳಗೆ ತಂದು ಹೊಸ ಸ್ಟಿಕ್ಕರು ಅಂಟಿಸುತ್ತಾರೆ. ಮುಂದಿನ ಸಲ ಅವೇ ಮಶೀನುಗಳನ್ನು ಇನ್ನೊಮ್ಮೆ ಮಾರುತ್ತಾರೆ. ರಬ್ಬರಿನವನು ಸರಕು ನಿಲ್ಲಿಸಿದ್ದು ದುಡ್ಡು ಬಾರದೆ. ಲೆಕ್ಕದವರು ಬಿಟ್ಟು ಹೋಗಿದ್ದು ಸಹಿ ಹಾಕಲು ಹೆದರಿ. ಗೂಬೆ ಇದನ್ನೆಲ್ಲ ಒಂದಕ್ಕೊಂದು ಜೋಡಿಸಿ ಕಟ್ಟೆಯಲ್ಲಿ ಬರೆದಿದ್ದಾನೆ. ಈಗ ಅವನನ್ನು ಯಾರೂ ಗೇಲಿ ಮಾಡುತ್ತಿಲ್ಲ.

ಬೋರ್ಡಿನ ಮೇಲಿನ ಆ ಹಾಳೆಯನ್ನು ನಂಬಬೇಡ. ಅದನ್ನು ಬರೆದವನಿಗೆ ಏನೂ ಗೊತ್ತಿಲ್ಲ. ಅವನೊಬ್ಬ ಮೂರ್ಖ.

ಫೋನಿಗೂ ಹಾಕಿದ್ದೇನೆ, ಚೌಕ ಕಂಡರೆ ಯಾರಿಗಾದರೂ ತೋರಿಸಿ ಓದಿಸು. ನಾನೇ ಹೊರಟು ಬಂದುಬಿಡಲೇ?

ಪುಟ್ಟ


೨೩ ಮಾರ್ಚ್

ಪುಟ್ಟಾ,

ಬರಬೇಡ. ಎರಡು ದಿನದ ದಾರಿ ಸವೆಸಿಕೊಂಡು ಬಂದು ಏನು ಮಾಡುತ್ತೀಯ? ನನ್ನ ಮುಖ ನೋಡುತ್ತಾ ಕೂರುತ್ತೀಯ.

ಹೌದು, ಹಾಕಿದ್ದೇನೆ. ಕಿವಿಯ ದುಡ್ಡು ಪೂರ್ತಿ. ನಿನಗೆ ಹೇಳಿದರೆ ಬೇಡ ಎನ್ನುತ್ತೀಯ ಎಂದು ಹೇಳಲಿಲ್ಲ. ನಾನು ಹಾಕಿದ್ದು ನೋಡಿ ಉದ್ದಕ್ಕನೂ ಹಾಕಿದಳು.

ನಿನ್ನ ಮಾತಿಗೆ ಕಟ್ಟುಬಿದ್ದು ಸಿಬ್ಬಂದಿ ಅಧಿಕಾರಿಗಳ ಹತ್ತಿರ ಹೋದೆ. ಕಿವಿಯ ಆಪರೇಷನ್ನು ಎಂದೆ. ಅವರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಒಂದು ಚೀಟಿಯಲ್ಲಿ ಬರೆದರು, ‘ಒಂದು ವರ್ಷ ಆಗುವ ತನಕ ತೆಗೆಯಲು ಬರುವುದಿಲ್ಲ, ನನ್ನದೂ ಇದೆ.’ ಆಮೇಲೆ ನಕ್ಕರು. ಅವರ ಬಾಯಿ ನಗುತ್ತಿತ್ತು, ಕಣ್ಣು ಕಿಟಕಿಯ ಕಡೆ ಇತ್ತು. ಇವತ್ತು ಬರೆಯುತ್ತಾ ಕೂತಾಗ ಅದು ನೆನಪಾಗುತ್ತಿದೆ.

ನೀನು ಹೇಳಿದ್ದನ್ನೆಲ್ಲ ಎರಡು ಸಲ ಓದಿದೆ. ಅರ್ಥವಾಗಲಿಲ್ಲ ಎಂದಲ್ಲ. ಒಂದೇ ಮಶೀನಿಗೆ ನಾನು ಮೂರು ಸಲ ಕೈಯಿಟ್ಟಿರಬಹುದು ಎಂದು ಯೋಚಿಸಿದಾಗ ಅಂಗೈ ತಣ್ಣಗಾಯಿತು. ಆದರೆ ಈಗ ಏನು ಮಾಡಲಿ ಎಂದು ಹೇಳದೆ ಬರೀ ಹೆದರಿಸಿದರೆ ಹೇಗೋ? ನಿನ್ನ ಗೂಬೆಗೆ ಎಲ್ಲ ಗೊತ್ತಿದೆಯಲ್ಲ, ನನ್ನ ದುಡ್ಡು ಹೇಗೆ ಹೊರಗೆ ಬರುತ್ತದೆ ಎಂದು ಅವನನ್ನೇ ಕೇಳು.

ಲಾರಿಗಳು ಮತ್ತೆ ಬಂದು ನಿಂತಿವೆ. ತಿಂಗಳ ಕೊನೆ.

ಅಕ್ಕ


೧೨ ಏಪ್ರಿಲ್

ಅಕ್ಕಾ,

ಕೇಳಿದೆ. ಗೂಬೆಯನ್ನು ಹೆಸರು ಹಿಡಿದು ಕೂಗಿ ಕೇಳಿದೆ. ‘ನಮ್ಮ ಅಕ್ಕ ಒಳಗಡೆ ಸಿಕ್ಕಾಕ್ಕೊಂಡಿದಾಳೆ, ಒಂದು ವರ್ಷ ಮಾರೋ ಹಾಗಿಲ್ವಂತೆ, ದಾರಿ ಇದ್ರೆ ಹೇಳಿ’ ಎಂದು ಬರೆದೆ. ಕಟ್ಟೆಯಲ್ಲಿ ದಿನವೂ ನೂರು ಜನ ಮಾತಾಡುತ್ತಾರೆ. ನನಗೆ ಉತ್ತರ ಕೊಟ್ಟವನು ಗೂಬೆ ಒಬ್ಬನೇ. ‘ದಾರಿ ಇಲ್ಲ, ಕ್ಷಮಿಸಿ’ ಎಂದ. ಅದರ ಕೆಳಗೆ ಇನ್ನೊಬ್ಬ ಇವತ್ತಿನ ಬೆಲೆ ಎಷ್ಟು ಎಂದು ಕೇಳಿದ. ಮಾತು ಅತ್ತ ಹೋಯಿತು.

ಷೇರುಪೇಟೆಯನ್ನು ಕಾಯುವ ಸರ್ಕಾರಿ ಕಚೇರಿಗೆ ದೂರು ಬರೆದೆ. ‘ನಿಮ್ಮ ಪತ್ರ ನಮಗೆ ಮಹತ್ವದ್ದು’ ಎಂದು ಆ ಕ್ಷಣವೇ ಉತ್ತರ ಬಂತು. ಅಷ್ಟು ಬೇಗ ಬಂದದ್ದು ನೋಡಿ ಸಂತೋಷಪಟ್ಟೆ. ಆಮೇಲೆ ಗೊತ್ತಾಯಿತು, ಯಾರು ಏನು ಬರೆದರೂ ಅದು ತಾನಾಗಿಯೇ ಹಾಗೆ ಉತ್ತರ ಕೊಡುತ್ತದೆಯಂತೆ. ಪತ್ರಿಕೆಯೊಂದಕ್ಕೆ ಫೋನು ಮಾಡಿದೆ. ನಿಮ್ಮ ಅಕ್ಕನ ಹೆಸರು ಹಾಕಬಹುದೇ ಎಂದರು. ನಿನ್ನ ಕೆಲಸ ಹೋಗುತ್ತದೆ ಎಂದು ಹೆದರಿ ಫೋನು ಇಟ್ಟೆ.

ಹಲ್ಲು ಮಾಡುವಾಗ ಮನಸ್ಸು ಕೆಲಸದ ಮೇಲೆ ಇರುವುದಿಲ್ಲ. ಮೊನ್ನೆ ಒಬ್ಬ ಮುದುಕರ ಮೇಲಿನ ಸಾಲು ವಕ್ರವಾಗಿ ಕೂತಿತು. ಪಾಪ, ಅವರು ಕನ್ನಡಿ ನೋಡಿಕೊಂಡು, ‘ಪರವಾಗಿಲ್ಲ ಬಿಡಪ್ಪ’ ಎಂದರು. ನಾನು ಹಿಂದಿನ ಕೋಣೆಗೆ ಹೋಗಿ ನಿಂತೆ.

ಏಪ್ರಿಲ್ ಬಂತಲ್ಲ. ಮಶೀನುಗಳು ವಾಪಸ್ ಬಂದವೇ?

ಪುಟ್ಟ


೩ ಮೇ

ಪುಟ್ಟಾ,

ಬರಲಿಲ್ಲ. ಏಪ್ರಿಲ್ ತಿಂಗಳೆಲ್ಲ ದಾರಿ ನೋಡಿದೆವು. ನನ್ನಂಥ ದಡ್ಡಿ ಇಲ್ಲ, ವಾಪಸ್ ಬರಲಿ ಎಂದು ಬಯಸುತ್ತಿದ್ದೆ. ಬಂದರೆ ಕೆಲಸ ಇರುತ್ತದೆ ಎಂದು. ಬ್ಯಾಂಕಿನವರು ಗೋದಾಮಿಗೆ ಬೀಗ ಹಾಕಿದ್ದಾರಂತೆ. ಶಾಪಿನ ನೆಲ ಮೊದಲೆಲ್ಲ ಚಪ್ಪಲಿಯೊಳಗಿಂದಲೇ ನಡುಗುತ್ತಿತ್ತು. ಆಮೇಲೆ ಆಮೇಲೆ ಕಾಲಿಗೆ ಏನೂ ತಿಳಿಯದಂತಾಯಿತು. ಉಳಿದವರಿಗೆ ಸದ್ದು ಕಮ್ಮಿಯಾಗಿದ್ದು ಕೇಳಿಸಿರಬೇಕು, ನನಗೆ ಹೀಗೆ ಗೊತ್ತಾಯಿತು.

ಮೊನ್ನೆ ಬೆಳಿಗ್ಗೆ ಹೋದರೆ ಗೇಟು ಮುಚ್ಚಿತ್ತು. ಒಳಗಡೆ ಸಿಬ್ಬಂದಿ ಅಧಿಕಾರಿಗಳು ಸ್ಟೂಲಿನ ಮೇಲೆ ನಿಂತು ಮೈಕು ಹಿಡಿದಿದ್ದರು. ಮೈಕು ಬಾಯಿಗೆ ಅಡ್ಡವಾಗಿತ್ತು, ತುಟಿ ಕಾಣಲಿಲ್ಲ. ಸುತ್ತಲಿನ ಮುಖಗಳನ್ನು ನೋಡಿದೆ. ಒಬ್ಬರು ಬೈಯುತ್ತಿದ್ದರು, ಒಬ್ಬರು ಗೇಟಿನ ಸರಳು ಹಿಡಿದು ಅಲ್ಲಾಡಿಸುತ್ತಿದ್ದರು. ನಾನು ಅಭ್ಯಾಸದಂತೆ ನಕ್ಕು ತಲೆಯಾಡಿಸಿದ್ದೆನಂತೆ, ಉದ್ದಕ್ಕ ಹೇಳಿದಳು. ಅವಳ ತೋಳು ಜಗ್ಗಿ, ‘ಏನಂತೆ? ಏನಂತೆ?’ ಎಂದೆ. ಅವಳು ನನ್ನ ಅಂಗೈ ಬಿಡಿಸಿ ಅದರ ಮೇಲೆ ಬೆರಳಿನಿಂದ ‘ಇಲ್ಲ’ ಎಂದು ಬರೆದಳು. ಸಂಬಳವೇ ಎಂದೆ. ಮತ್ತೆ ‘ಇಲ್ಲ’ ಎಂದು ಬರೆದಳು. ಷೇರೇ ಎಂದೆ. ಬರೆಯಲಿಲ್ಲ, ಅಂಗೈ ಮುಚ್ಚಿ ನನ್ನ ಮುಷ್ಟಿಯನ್ನು ಅವಳ ಮುಷ್ಟಿಯೊಳಗೆ ಇಟ್ಟುಕೊಂಡಳು.

ಆ ಬೋರ್ಡು ಗೇಟಿನಿಂದಲೇ ಕಾಣುತ್ತದೆ. ಹಾಳೆ ಇನ್ನೂ ಅಂಟಿಕೊಂಡಿದೆ, ಯಾರೂ ಕಿತ್ತಿಲ್ಲ.

ಅಕ್ಕ


೧೩ ಮೇ

ಅಕ್ಕನಿಗೆ,

ಹೇಗೆ ಶುರು ಮಾಡಲಿ ಎಂದು ತಿಳಿಯದೆ ಮೂರು ಹಾಳೆ ಹರಿದೆ.

ಆ ಹಾಳೆಯಲ್ಲಿದ್ದದ್ದನ್ನು ಬರೆದವನು ನಾನು. ಕಟ್ಟೆಯಲ್ಲಿ ನನ್ನ ಹೆಸರು ಬುದ್ಧಿಹಲ್ಲು. ಜನವರಿಯಲ್ಲಿ ನಿನ್ನ ಪತ್ರ ಬಂದಾಗ, ಗೂಬೆಗೆ ಸರಿಯಾದ ಉತ್ತರ ಸಿಕ್ಕಿತು ಎಂಬ ಜಂಬದಲ್ಲಿ, ನಿನ್ನ ಮಾತನ್ನೇ ಎತ್ತಿ ಅಲ್ಲಿ ಹಾಕಿದೆ. ಅವನು ಎದುರು ಮಾತಾಡಲಿಲ್ಲ. ‘ಬಹಳ ಉಪಕಾರ. ಇದನ್ನೇ ಹುಡುಕ್ತಾ ಇದ್ದೆ’ ಎಂದ. ಪೆಟ್ಟಿಗೆ, ಸ್ಟಿಕ್ಕರು, ಲಾರಿ ಎಂದು ನಾನು ನಿನ್ನನ್ನು ಕೇಳಿದ್ದು ಅವನ ಪ್ರಶ್ನೆಗಳು. ನೀನು ಕೊಟ್ಟ ಉತ್ತರ ಓದಿ ಅವನಿಗೂ ತಿಳಿಸಿದ ರಾತ್ರಿ ನನಗೆ ಎಲ್ಲ ಅರ್ಥವಾಯಿತು. ಮರುದಿನವೇ ನನ್ನ ನಾಲ್ಕು ಷೇರು ಮಾರಿದೆ. ಆಮೇಲೆ ನಿನಗೆ ಆ ಚಿಕ್ಕ ಪತ್ರ ಬರೆದೆ. ನಿನ್ನ ಮಾತನ್ನು ಬೀದಿಗೆ ಹಾಕಿದ್ದೇನೆ ಎಂದು ಹೇಳಿಕೊಳ್ಳಲು ಮುಖವಿರಲಿಲ್ಲ. ಅದಕ್ಕೇ ‘ವಿಶೇಷ ಕಾರಣ ಏನಿಲ್ಲ’ ಎಂದು ಬರೆದೆ. ಅಷ್ಟು ಹೊತ್ತಿಗೆ ಕಂಪನಿಯವರು ನನ್ನ ಬರಹವನ್ನು ಹೆಕ್ಕಿಕೊಂಡಿದ್ದರು, ಗೂಬೆಯ ಉತ್ತರವನ್ನು ಬಿಟ್ಟು.

ಕಟ್ಟೆಯಲ್ಲಿ ಈಗ ಎಲ್ಲರೂ ನನಗೆ ನಮಸ್ಕಾರ ಹೇಳುತ್ತಿದ್ದಾರೆ. ನಿನ್ನ ಮಾತು ಓದಿ ಬಹಳ ಜನ ಸಮಯಕ್ಕೆ ಸರಿಯಾಗಿ ಮಾರಿ ಹೊರಗೆ ಬಂದರಂತೆ. ಗೂಬೆ ಕೂಡ. ‘ಮನೆ ಉಳೀತು. ನಿಮ್ಮ ಅಕ್ಕ ಕ್ಷೇಮವೇ?’ ಎಂದು ಕೇಳಿದ್ದಾನೆ. ಉತ್ತರ ಬರೆದಿಲ್ಲ.

ಷೇರು ಮಾರಿ ಬಂದದ್ದನ್ನು ಕಳಿಸಿದ್ದೇನೆ. ಅದು ಏನಕ್ಕೂ ಸಾಲದು ಎಂದು ಗೊತ್ತು. ಬೈದು ಬರೆ ಅಕ್ಕಾ. ಸುಮ್ಮನಿರಬೇಡ.

ಪುಟ್ಟ


೨೯ ಮೇ

ಪುಟ್ಟಾ,

ದುಡ್ಡು ಬಂತು. ಒಂದು ತಿಂಗಳ ಬಾಡಿಗೆಗೆ ಆಯಿತು.

ನನಗೆ ಗೊತ್ತಿತ್ತು ಕಣೋ. ಆ ಹಾಳೆಯ ಮುಂದೆ ನಿಂತ ದಿನವೇ ಗೊತ್ತಾಯಿತು. ‘ಲೋಕದಲ್ಲಿ ಇನ್ನೊಂದಿದ್ದರೆ ತೋರಿಸಿ’ ಎನ್ನುವ ಮಾತು ನನ್ನದಲ್ಲದೆ ಇನ್ನಾರದು? ಸಾಲದ್ದಕ್ಕೆ ಕೆಳಗೆ ಬುದ್ಧಿಹಲ್ಲು ಎಂದು ಹೆಸರು ಬೇರೆ. ಹಲ್ಲು ಮಾಡುವವನನ್ನು ಬಿಟ್ಟು ಬೇರೆ ಯಾರಿಗೆ ಅಂಥ ಹೆಸರು ಹೊಳೆಯುತ್ತದೆ? ನೀನಾಗಿಯೇ ಹೇಳಲಿ ಎಂದು ಸುಮ್ಮನಿದ್ದೆ. ಮಾರ್ಚಿನಲ್ಲಿ ನೀನು ‘ಬರೆದವನೊಬ್ಬ ಮೂರ್ಖ’ ಎಂದಾಗ ನಗುವೇ ಬಂತು. ಆಗಲೇ ಸಹಿ ಹಾಕಿಯಾಗಿತ್ತು.

ಒಂದು ವಿಷಯ ನಿನಗೆ ಹೇಳಬೇಕು, ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಮಾತನ್ನು ನಾನು ಅಷ್ಟು ನಂಬಿರಲಿಲ್ಲ. ವಾಪಸ್ ಬಂದ ಮಶೀನಿನ ಮೇಲೆ ಕೈಯಿಟ್ಟಾಗ, ಇದಕ್ಕೆ ಏನೂ ಆಗಿಲ್ಲವಲ್ಲ, ಯಾಕೆ ಬಂತು ಎಂದು ನನಗೂ ಅನ್ನಿಸುತ್ತಿತ್ತು. ನಿನಗೆ ಬರೆಯುವಾಗ ಜೋರು ಮಾಡಿ ಬರೆದೆ, ಅಷ್ಟೇ. ನೀನು ಚಿಕ್ಕಂದಿನಿಂದ ಹೆದರುಪುಕ್ಕಲ, ನನಗೆ ಬರೆದರೆ ಅದು ಬೇಡ ಇದು ಬೇಡ ಎಂದೇ ಬರೆಯುತ್ತೀಯ. ಅದು ಅಕ್ಕನ ಮೇಲಿನ ಪ್ರೀತಿ, ಲೆಕ್ಕಕ್ಕಿಲ್ಲ ಎಂದುಕೊಂಡೆ. ಆದರೆ ಹೊರಗಿನವರ ಮುಂದೆ, ತಿಳಿದವರ ಮುಂದೆ, ನಮ್ಮ ಕಂಪನಿ ಒಳ್ಳೆಯದು ಎಂದು ಎದೆತಟ್ಟಿ ಹೇಳಿದ್ದೆಯಲ್ಲ. ಓದಿದ ತಮ್ಮ, ಪೇಟೆ ಬಲ್ಲವನು, ವಿಚಾರಿಸದೆ ನಾಲ್ಕು ಜನರಲ್ಲಿ ಹೀಗೆ ಬರೆಯುವುದಿಲ್ಲ ಎಂದುಕೊಂಡೆ. ನೀನು ನಂಬಿದ್ದೀಯ ಎಂದು ನಾನು ನಂಬಿದೆ. ನೀನೋ ನನ್ನನ್ನು ನಂಬಿ ಬರೆದಿದ್ದೆ.

ಸಿಟ್ಟಿದೆ. ಯಾರ ಮೇಲೆ ಎಂದು ತಿಳಿಯುತ್ತಿಲ್ಲ. ಬೆಳಿಗ್ಗೆ ನಿನ್ನ ಮೇಲೆ, ಮಧ್ಯಾಹ್ನ ನನ್ನ ಮೇಲೆ, ಸಂಜೆ ಉದ್ದಕ್ಕ ಬಾಗಿಲಿಗೆ ಬಂದು ನಿಂತಾಗ ಯಾರ ಮೇಲೂ ಇರುವುದಿಲ್ಲ, ಬರೀ ನಾಚಿಕೆ. ಅವಳು ಒಂದು ಮಾತೂ ಅಂದಿಲ್ಲ. ಅಂದಿದ್ದರೂ ನನಗೆಲ್ಲಿ ಕೇಳಿಸುತ್ತಿತ್ತು!

ಗೂಬೆಗೆ ಉತ್ತರ ಬರೆ. ಮನೆ ಉಳಿದದ್ದು ಒಳ್ಳೆಯದಾಯಿತು ಎಂದು ನಾನು ಹೇಳಿದೆ ಎಂದು ಬರೆ. ಆದರೆ ಅಕ್ಕ ಕ್ಷೇಮ ಎಂದು ಸುಳ್ಳು ಬರೆಯಬೇಡ.

ಕಿವಿಯ ಮಾತು ಇನ್ನು ಬೇಡ. ಡಾಕ್ಟರಿಗೆ ಬರುವುದಿಲ್ಲ ಎಂದು ಹೇಳಿಬಂದೆ.

ಭಾನುವಾರ ಸಂಜೆ ಫೋನು ಮಾಡು. ಹೌದು, ಫೋನೇ. ದಿಂಬಿನ ಕೆಳಗಿನ ಫೋನಿನಲ್ಲಿ ದೊಡ್ಡದಾಗಿ ಕೇಳಿಸುವ ಗುಂಡಿ ಇದೆ, ಉದ್ದಕ್ಕ ತೋರಿಸಿಕೊಟ್ಟಳು. ಅದನ್ನು ಒತ್ತಿ ಅಂಗೈಯಲ್ಲಿ ಇಟ್ಟುಕೊಂಡರೆ ಮಾತಾಡುವಾಗ ನಡುಗುತ್ತದೆ. ನಿನ್ನೆ ಅವಳು ಹೊರಗಿನಿಂದ ಫೋನು ಮಾಡಿ ಮಾತಾಡಿದಳು, ಸಣ್ಣಗೆ ತಿಳಿಯಿತು. ಮರಿಯ ಕೈಗೆ ಫೋನು ಕೊಡು. ಏನಾದರೂ ಮಾತಾಡಲಿ, ‘ಯಾಕೆ ಯಾಕೆ’ ಎಂದೇ ಕೇಳುತ್ತಿರಲಿ. ಅಷ್ಟು ಹೊತ್ತೂ ಅತ್ತೆ ಇಲ್ಲಿ ಕೈ ಚಾಚಿಕೊಂಡು ಕೂತಿರುತ್ತಾಳೆ ಎಂದು ಹೇಳು.

ನೀನು ಮಾತ್ರ ಮಧ್ಯೆ ಮಾತಾಡಬೇಡ ಪುಟ್ಟಾ. ಯಾವುದು ಯಾರ ಮಾತು ಎಂದು ನನ್ನ ಕೈಗೆ ತಿಳಿಯುವುದಿಲ್ಲ.

ಅಕ್ಕ